ಅಪ್ಪ ಉಡದ ಪಂಚೆ

ಶಿರಾ
೧೦ ನವೆಂಬರ್ ೨೦೨೪

ಪ್ರೀತಿಯ ಅಕ್ಕ,

"ಹೊತ್ತಾಗಿ ಬಂದವರ..." ಆಮೇಲೆ ಏನು? ಸಂಜೆಯ ಜಪಸರ ಮುಗಿಸಿ ಬಾಗಿಲ ಅಗುಳಿ ಹಾಕುವಾಗ ಅಪ್ಪ ಹಾಡುತ್ತಿದ್ದರಲ್ಲ, ಅವರೇ ಕಟ್ಟಿದ್ದು, ಅದರ ಎರಡು ಪದ ಮಾತ್ರ ನನ್ನಲ್ಲಿ ಉಳಿದಿವೆ. "ಹೊತ್ತಾಗಿ ಬಂದವರ ಹೊರಗೆ ನಿಲ್ಲಿಸಬೇಡ" ಎಂದಿತ್ತೇ? ಹಾಗಿದ್ದರೆ ಅದನ್ನು ಹಾಡುತ್ತಲೇ ಅಗುಳಿ ಏಕೆ ಹಾಕುತ್ತಿದ್ದರು? ಕಾಲೇಜಿನಲ್ಲಿ ಇಷ್ಟು ವರ್ಷ ಯಾರ ಯಾರದೋ ಕವಿತೆ ಪಾಠ ಮಾಡಿ ಅಪ್ಪನ ಒಂದು ಸಾಲು ಮರೆತಿದ್ದೇನೆ. ನಿನಗೆ ನೆನಪಿದ್ದೀತು, ಬರಿ.

ಅದು ನೆನಪಾಗಲು ಕಾರಣವಿದೆ. ಇವತ್ತು ಮಧುಗಿರಿಗೆ ಹೋಗಿ ಚರ್ಚಿನ ಪೂಜೆ ನೋಡಿ ಬಂದೆ. ಹೌದು, ನಾನೇ. ಅಲ್ಲಿ ಸಿಸ್ಟರುಗಳ ಮನೆಯ ಪಕ್ಕ ಒಂದು ಸಣ್ಣ ಪ್ರಾರ್ಥನಾಲಯವಿದೆ. ತಿಂಗಳ ಎರಡನೇ ಭಾನುವಾರ, ಮತ್ತೆ ದೊಡ್ಡ ಹಬ್ಬಗಳಿಗೆ, ತುಮಕೂರಿನಿಂದ ಸ್ವಾಮಿಗಳು ಬರುತ್ತಾರೆ. ಕೊನೆಯ ಬೆಂಚಿನಲ್ಲಿ ಕೂತೆ. ಎಲ್ಲಿ ಏಳಬೇಕು, ಎಲ್ಲಿ ಮಂಡಿಯೂರಬೇಕು ಎನ್ನುವುದನ್ನು ಮಂಡಿಗಳು ಮರೆತಿರಲಿಲ್ಲ. ಸತ್ಪ್ರಸಾದದ ತೆಳು ರೊಟ್ಟಿಯನ್ನು ನಾಲಿಗೆಯ ಮೇಲೆ ಇಡಿಸಿಕೊಳ್ಳಲು ಎಲ್ಲರೂ ಸಾಲು ನಿಂತಾಗ ನಾನು ಕಿಟಕಿಯಾಚೆ ಬೆಟ್ಟ ನೋಡುತ್ತಾ ಕೂತೆ.

ಪೂಜೆಯಾದ ಮೇಲೆ ಸ್ವಾಮಿ ಪ್ರಸನ್ನ ಕುಮಾರ್ ತಾವಾಗಿ ಬಂದು ಮಾತಾಡಿಸಿದರು. ನಮ್ಮ ವಿದ್ಯಾರ್ಥಿಗಳಿಗಿಂತ ಹತ್ತು ವರ್ಷ ದೊಡ್ಡವರಿರಬಹುದು.

"ಸತ್ಪ್ರಸಾದಕ್ಕೆ ಬರಲಿಲ್ಲವಲ್ಲಮ್ಮ?"

"ನನ್ನದು ಹೊರಗಿನ ಮದುವೆ, ಸ್ವಾಮಿ. ರಿಜಿಸ್ಟ್ರಾರ್ ಆಫೀಸಿನಲ್ಲಿ ಆಗಿದ್ದು."

"ಯಜಮಾನರು?"

"ತೀರಿಕೊಂಡು ಎರಡು ವರ್ಷ ಆಯ್ತು."

ಅವರು, "ಹಾಗಾದರೆ ಈಗ ಅಡ್ಡಿ ಏನೂ ಇಲ್ಲ. ಪಾಪನಿವೇದನೆ ಮಾಡಿ, ಬನ್ನಿ" ಎಂದರು.

ಅಷ್ಟು ಸುಲಭ. ನಾನು ಲಕ್ಷ್ಮೀಪತಿಯವರನ್ನು ಮದುವೆಯಾದ ಮರುವರ್ಷ ನೀನು ಬರೆದದ್ದು ನನಗೆ ಬಾಯಿಪಾಠವಾಗಿದೆ: ಗುಡಿಯ ಮೆಟ್ಟಿಲು ತುಳಿಯಕೂಡದು ಎಂದು ನಮ್ಮ ಚರ್ಚಿನ ಇನ್ನಾಸಪ್ಪ ಸ್ವಾಮಿಗಳು ಹೇಳಿದ್ದಾರೆ, ಮನೆಯಲ್ಲಿ ನಿನ್ನ ಹೆಸರು ಎತ್ತಬಾರದು ಎಂದು ಅಪ್ಪ ಹೇಳಿದ್ದಾರೆ. ಅಂದಿನಿಂದ ನಾನು ತುಳಿಯಲಿಲ್ಲ. ಇವತ್ತು ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು, ಇವರು, ನನ್ನ ಯಜಮಾನರು, ಸತ್ತದ್ದರಿಂದ ನನಗೆ ಬಾಗಿಲು ತೆರೆದಿದೆ. ಇದಕ್ಕೆ ಸಂತೋಷಪಡುವುದು ಹೇಗೆ ಎಂದು ಗೊತ್ತಾಗುತ್ತಿಲ್ಲ.

ಆದರೂ ಹಿಂತಿರುಗಬೇಕು ಅನ್ನಿಸಿದೆ. ಏಪ್ರಿಲ್‌ನಲ್ಲಿ ಈಸ್ಟರ್, ಪಾಸ್ಕದ ದಿನ ಸತ್ಪ್ರಸಾದ ತೆಗೆದುಕೊಳ್ಳುತ್ತೇನೆ. ಅವತ್ತು ನೀನು ನನ್ನ ಪಕ್ಕ ನಿಲ್ಲಬೇಕು. ಫೋನಿನಲ್ಲಿ ಕರೆಯೋಣವೆಂದರೆ ನಿನಗೆ ಕಿವಿ ಕೇಳಿಸದು. ಆದ್ದರಿಂದ ಅಚ್ಚುಕಟ್ಟಾಗಿ ಕಾಗದದಲ್ಲೇ ಕರೆಯುತ್ತಿದ್ದೇನೆ.

ನಿನ್ನ
ಲೂರ್ದು


ಕೊಳ್ಳೇಗಾಲ
೨೮ ನವೆಂಬರ್ ೨೦೨೪

ಯೇಸುವಿಗೆ ಸ್ತೋತ್ರ.

ಚಿ. ಲೂರ್ದುಗೆ ಜಪಮಾಲಾ ಮಾಡುವ ಆಶೀರ್ವಾದ. ನಿನ್ನ ಕಾಗದ ಬಂತು. ಗುಡಿಗೆ ಹೋದದ್ದು ಒಳ್ಳೆಯದೇ. ಆದರೆ ಅವಸರ ಬೇಡ. ಈಗಿನ ಸ್ವಾಮಿಗಳು ಎಲ್ಲದಕ್ಕೂ ಸರಿ ಸರಿ ಅನ್ನುತ್ತಾರೆ. ಇನ್ನಾಸಪ್ಪ ಸ್ವಾಮಿಗಳ ಕಾಲ ಬೇರೆ, ಆಗಿನ ಕಟ್ಟಳೆಯೂ ಬೇರೆ. ಹಳೆಯದನ್ನು ಅವರ ಹತ್ತಿರ ಕೆದಕಿ ಕೇಳುವುದು ಬೇಡ. ನಿವೇದನೆ ಮಾಡಿಬಿಡು, ಸಾಕು.

ನೀನು ಕೇಳಿದ ಸಾಲು ನನಗೆ ನೆನಪಿಲ್ಲ. ಅಪ್ಪ ಏನೇನೋ ಹಾಡುತ್ತಿದ್ದರು.

ಮನೆಯ ಹೆಂಚು ಇಳಿಸಿ ಶೀಟು ಹಾಕಿಸುತ್ತಿದ್ದೇನೆ. ಅಟ್ಟದ ಮೇಲಿದ್ದ ಟ್ರಂಕು ಖಾಲಿ ಮಾಡಬೇಕಾಯಿತು. ಅಪ್ಪನ ಬಟ್ಟೆ ಒಂದಿಷ್ಟು ಪಾರ್ಸೆಲ್ ಮಾಡಿದ್ದೇನೆ. ಇಲ್ಲಿ ಇಟ್ಟುಕೊಂಡು ನಾನೇನು ಮಾಡಲಿ. ಕ್ರಿಸ್‌ಮಸ್ಸಿಗೆ ಪೂಜಾಪೀಠದ ಬಟ್ಟೆ ಹೊಲಿಯುವುದು ಬೇಕಾದಷ್ಟಿದೆ. ಕಾಲು ನೋವು. ಪಾಸ್ಕಕ್ಕೆ ಬರುವುದು ಹೇಳಲಾರೆ.

ಜಪಮಾಲಾ


ಶಿರಾ
೨೨ ಡಿಸೆಂಬರ್ ೨೦೨೪

ಪ್ರೀತಿಯ ಅಕ್ಕ,

ಪಾರ್ಸೆಲ್ ಬಂತು. ನಾನು ಕಾಲೇಜಿನಲ್ಲಿದ್ದೆ, ಪಕ್ಕದ ಮನೆಯ ಶರ್ಫುನ್ನೀಸಾ ತೆಗೆದುಕೊಂಡಿದ್ದರು. ಅವರ ಯಜಮಾನರು ಹಿದಾಯತುಲ್ಲಾ ಅವರಿಗೆ ಪಾತ್ರೆ ಅಂಗಡಿ. ಗೇಟು ತೆಗೆಯುವ ಮೊದಲೇ ಶರ್ಫುನ್ನೀಸಾ ಧ್ವನಿ.

"ಟೀಚರಮ್ಮಾ, ನಿಮ್ಗೊಂದು ಪಾರ್ಸಲ್ ಬಂದೈತೆ. ನಾನು ಬಿಚ್ಚಿ ನೋಡಿಲ್ಲ ಕಣಮ್ಮ. ಬಟ್ಟೆ ಅಂತ ಕೈಗೆ ಗೊತ್ತಾಯ್ತು, ಅಷ್ಟೇ."

"ಯಾವ ಬಣ್ಣ ಅಂತಾನೂ ಗೊತ್ತಾಯ್ತಾ?"

"ಬಿಳೀದು. ಮೂಲೇಲಿ ಒಂಚೂರು ಹರ್ದಿತ್ತು, ಅಲ್ಲಾ ಕಸಂ ನಾನು ಹರೀಲಿಲ್ಲ."

ಬಿಳಿಯದೇ. ಅಪ್ಪನ ಹಳೆಯ ಅಂಗಿಗಳ ಕೆಳಗೆ ಒಂದು ಜರಿಯಂಚಿನ ಪಂಚೆ, ಅದರ ಜೋಡಿ ಶಲ್ಯ. ಅಂಗಡಿಯವರು ಮಡಿಸಿದ ಮಡಿಕೆ ಹಾಗೇ ಇದೆ, ಗಂಜಿಯ ಗರಿ ಇನ್ನೂ ಹೋಗಿಲ್ಲ. ಅಪ್ಪ ಜರಿ ಉಟ್ಟದ್ದನ್ನು ನಾನು ನೋಡಿಲ್ಲ. ಚರ್ಚಿನಲ್ಲಿ ಜಪ ಕಲಿಸುವ ಉಪದೇಶಿಗೆ ಜರಿ ಏಕೆ ಎನ್ನುತ್ತಿದ್ದರು. ಇದನ್ನು ಯಾವಾಗ ತಂದರು, ಯಾರ ಮದುವೆಗೆ?

ಕ್ರಿಸ್‌ಮಸ್ ಹತ್ತಿರ ಬಂದಾಗಲೆಲ್ಲ ಪಾವಗಡದ ಮನೆ ನೆನಪಾಗುತ್ತದೆ. ನಮ್ಮತ್ತೆ ಕೊಲ್ಲಾಪುರಮ್ಮ ಪ್ರತಿ ಡಿಸೆಂಬರಿನಲ್ಲೂ ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ನನ್ನನ್ನು ಚುಚ್ಚುತ್ತಿದ್ದರು. "ಏಮ್ಮಾ, ಮಾ ಲಕ್ಷ್ಮೀಪತಿ ಕಟ್ಟಿದ ತಾಳಿ ನಿಮ್ ದೇವ್ರ ಕಣ್ಣಿಗೆ ಕಾಣಿಸಲ್ವಂಟಾ? ಅಂತಾ ದೊಡ್ಡ ದೇವುಡು, ಚಿನ್ನದ ಗುಂಡು ಕಾಣಿಸಲ್ವಾ?" ಇವರು ನಗುತ್ತಿದ್ದರು. ಆಮೇಲೆ ನನ್ನನ್ನು ಒಬ್ಬಳನ್ನೇ ಕರೆದು, "ನಡಿ, ತುಮಕೂರಿಗೆ ಹೋಗೋಣ. ಆ ಸ್ವಾಮೀನ ನಾನೇ ಕೇಳ್ತೀನಿ, ಏನು ಮಾಡ್ಬೇಕು ಅಂತ" ಎನ್ನುತ್ತಿದ್ದರು. ಬೇಡ ಎನ್ನುತ್ತಿದ್ದವಳು ನಾನು. ಅಪ್ಪನೇ ಹೆಸರೆತ್ತಬೇಡಿ ಅಂದಿರುವಾಗ ಇನ್ನೊಬ್ಬರ ಬಾಯಲ್ಲಿ ಅದನ್ನೇ ಕೇಳಿಸಿಕೊಳ್ಳುವುದು ಯಾಕೆ ಎಂದು.

ನಮಗೆ ಮಕ್ಕಳಾಗದಿದ್ದಾಗ ನೀನು ಬರೆದಿದ್ದೆ, ದೇವರು ಕೊಡದೆ ಇರುವುದಕ್ಕೂ ಕಾರಣ ಇರುತ್ತದೆ ಎಂದು. ಅದನ್ನು ಇವರಿಗೆ ತೋರಿಸಲಿಲ್ಲ. ಈಗ ಏಕೆ ಹೇಳುತ್ತಿದ್ದೇನೋ. ಹಬ್ಬದ ಹೊತ್ತು, ಮನೆಯಲ್ಲಿ ಒಬ್ಬಳೇ, ಎದುರಿಗೆ ಉಡದ ಪಂಚೆ.

ಲೂರ್ದು


ಕೊಳ್ಳೇಗಾಲ
೬ ಜನವರಿ ೨೦೨೫

ಯೇಸುವಿಗೆ ಸ್ತೋತ್ರ.

ಆ ಪಂಚೆ ಅಪ್ಪ ನಿನ್ನ ಮದುವೆಗೆ ಅಂತ ತಂದದ್ದು. ಉಡಲಿಲ್ಲ. ಅದಕ್ಕೇ ನಿನಗೆ ಕಳಿಸಿದೆ. ಇಲ್ಲಿ ಚಳಿ ಜಾಸ್ತಿ. ಹೊಲಿಗೆ ಮಿಷನ್ನಿನ ಬೆಲ್ಟು ಹೋಗಿದೆ.

ಜಪಮಾಲಾ


ಶಿರಾ
೯ ಫೆಬ್ರವರಿ ೨೦೨೫

ಅಕ್ಕ,

ನಿನ್ನ ಕಾಗದವನ್ನು ಒಂದು ತಿಂಗಳಿನಿಂದ ಓದುತ್ತಿದ್ದೇನೆ. ನಾಲ್ಕು ಸಾಲಿನ ಕಾಗದ.

ನನ್ನ ಮದುವೆ ೨೦೦೧ರ ಫೆಬ್ರವರಿಯಲ್ಲಿ. ಅಪ್ಪನಿಗೆ ನಾನು ತಿಳಿಸಿದ್ದು ಏಪ್ರಿಲ್‌ನಲ್ಲಿ. ಮುಗಿದುಹೋದ ಮದುವೆಗೆ ಯಾರೂ ಜರಿ ಪಂಚೆ ತರುವುದಿಲ್ಲ. ಹೆಸರೆತ್ತಬೇಡಿ ಎಂದ ಮಗಳ ಮದುವೆಗಂತೂ ತರುವುದೇ ಇಲ್ಲ.

ಇವತ್ತು ಮಧುಗಿರಿಯಲ್ಲಿ ಸ್ವಾಮಿಗಳನ್ನು ಕೇಳಿದೆ. ಕೆದಕಬೇಡ ಎಂದಿದ್ದೆಯಲ್ಲ, ಕೆದಕಿದೆ. "ನನ್ನ ಯಜಮಾನರು ಇದ್ದಾಗಲೇ ಬಂದಿದ್ದರೆ ಏನು ಮಾಡುತ್ತಿದ್ದಿರಿ, ಸ್ವಾಮಿ?"

"ಮದುವೆ ಸರಿಪಡಿಸುತ್ತಿದ್ದೆವು. ಬಿಷಪರ ಅನುಮತಿ ತರಿಸಬೇಕು. ನೀವಿಬ್ಬರು, ಇಬ್ಬರು ಸಾಕ್ಷಿಗಳು, ಒಬ್ಬ ಸ್ವಾಮಿ. ಅರ್ಧ ಗಂಟೆ."

"ಅವರು ಮತ ಬದಲಾಯಿಸಬೇಕಿತ್ತಾ?"

"ಇಲ್ಲಮ್ಮ."

"ಈ ಕಟ್ಟಳೆ ಹೊಸದಾ?"

"ನಾನು ಹುಟ್ಟುವ ಮೊದಲಿನದು." ಆಮೇಲೆ ನನ್ನ ಮುಖ ನೋಡಿ, "ನಿಮಗೆ ಯಾರೂ ಹೇಳಿರಲಿಲ್ಲವಾ?" ಎಂದು ಕೇಳಿದರು.

ಸಿಸ್ಟರ್ ಒಬ್ಬರು ಕಾಫಿ ತಂದರು. ಕುಡಿದೆ. ಹೊರಗೆ ಬಂದು ಬಸ್ ನಿಲ್ದಾಣದ ಕಡೆ ನಡೆಯುತ್ತಾ ಆ ಪಂಚೆ ಏನು ಎಂದು ಅರ್ಥವಾಯಿತು. ಸಾಕ್ಷಿ ನಿಲ್ಲುವವರು ಉಡುವ ಬಟ್ಟೆ ಅದು. ಅಲ್ಲವೇ?

ಎರಡೇ ಪ್ರಶ್ನೆ. ಆ ಸಾಕ್ಷಿ ಅಪ್ಪನೇ? ಗೊತ್ತಿದ್ದೂ ನೀನು ನನಗೆ ಬೇರೆ ಬರೆದೆಯಾ? ಇಲ್ಲ ಎಂದು ಬರೆದರೆ ನಂಬುತ್ತೇನೆ. ನಂಬಬೇಕೆಂದು ನನಗೆ ತುಂಬ ಆಸೆಯಿದೆ.

ಲೂರ್ದು


ಶಿರಾ
೨ ಮಾರ್ಚ್ ೨೦೨೫

ಅಕ್ಕ,

ಉತ್ತರ ಬಂದಿಲ್ಲ. ಪಾಸ್ಕದ ಮುಂಚಿನ ತಪಸ್ಸುಕಾಲ ಬುಧವಾರ ಶುರು, ಹಣೆಗೆ ಬೂದಿ ಇಡಿಸಿಕೊಳ್ಳಲು ಹೋಗುತ್ತೇನೆ. ನೀನೂ ಅಲ್ಲಿ ಇಡಿಸಿಕೊಳ್ಳುತ್ತೀಯ. ಅದನ್ನು ಒರೆಸಿಕೊಳ್ಳುವ ಮೊದಲು ಬರಿ.

ಲೂರ್ದು


ಕೊಳ್ಳೇಗಾಲ
೧೨ ಮಾರ್ಚ್ ೨೦೨೫

ಲೂರ್ದು,

ಕೇಳಿದ್ದೀಯ, ಹೇಳುತ್ತೇನೆ.

ನೀನು ಹೋದ ಮರುವರ್ಷ ಬೇಸಿಗೆಯಲ್ಲಿ ಇನ್ನಾಸಪ್ಪ ಸ್ವಾಮಿಗಳು ಮನೆಗೆ ಬಂದರು. ಅಪ್ಪ ಜಗುಲಿಯ ಮೇಲೆ ಕೂತಿದ್ದರು, ಆಗ ಅವರು ಊಟವನ್ನೂ ಸರಿಯಾಗಿ ಮಾಡುತ್ತಿರಲಿಲ್ಲ. "ಏನ್ರೀ ಉಪದೇಶಿಗಳೇ, ಊರಿಗೆಲ್ಲ ಬುದ್ಧಿ ಹೇಳ್ತೀರಿ, ಮಗಳೊಬ್ಳಿಗೆ ಒಂದು ಕಾಗದ ಹಾಕಕ್ಕಾಗಲ್ವಾ? ಇಬ್ರೂ ಬರ್ಲಿ. ಬಿಷಪ್ಪರ ಅಪ್ಪಣೆ ನಾನು ತರಿಸ್ತೀನಿ. ಹುಡುಗ ಅವನ ದೇವ್ರನ್ನ ಬಿಡೋದೇನೂ ಬೇಡ" ಅಂದರು. ಅಪ್ಪ ಅವತ್ತೇ ಸಂಜೆ ಪೇಟೆಗೆ ಹೋಗಿ ಆ ಪಂಚೆ ತಂದರು. "ಸಾಕ್ಷಿ ಒಬ್ಬ ನಾನು, ಇನ್ನೊಬ್ಬಳು ನೀನು" ಅಂತ ನನಗೇ ಹೇಳಿದರು.

ಇಬ್ಬರೂ ಬನ್ನಿ ಅಂತ ಬರಿ ಅಂದರು ಅಪ್ಪ. ಮನೆಯಲ್ಲಿ ಕಾಗದ ಬರೆಯುವವಳು ನಾನು. ಬರೆದೆ. ನಾನು ಬರೆದದ್ದು ನಿನಗೆ ಬಾಯಿಪಾಠ ಇದೆ ಅಂದೆಯಲ್ಲ. ಅಪ್ಪನಿಗೆ, ಅವಳಿಗೆ ಇಷ್ಟವಿಲ್ಲವಂತೆ ಅಂದೆ. ಅವರು ಒಂದೇ ಸಲ ಕೇಳಿದ್ದು. ಆಮೇಲೆ ಪಂಚೆಯನ್ನು ತಾವೇ ಟ್ರಂಕಿನಲ್ಲಿ ಇಟ್ಟರು.

ಯಾಕೆ ಅಂತ ಕೇಳುತ್ತೀಯ. ಕರೆಂಟಿನವನು ಮೋಹನ್ ಕುಮಾರ್ ನಿನಗೆ ನೆನಪಿದ್ದಾನೋ ಇಲ್ಲವೋ, ನಮ್ಮ ಮನೆಗೆ ಲೈನು ಎಳೆದವನು. ಅವನು ನನ್ನನ್ನು ಕೇಳಿಕೊಂಡು ಬಂದಿದ್ದ. "ಉಪದೇಶಿ ಮಗಳೇ ಹೊರಗೆ ಹೋದ್ರೆ ನಾನು ಯಾರಿಗೆ ಉಪದೇಶ ಹೇಳ್ಲಿ" ಅಂದರು ಅಪ್ಪ. ನಾನು ಒಳಗೆ ಹೋಗಿ ಮಿಷನ್ ತುಳಿದೆ. ನೀನಾಗ ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದೆ. ನೀನು ಅಪ್ಪನನ್ನು ಕೇಳಲೇ ಇಲ್ಲ, ಹೋದೆ. ಕೇಳಿದ ನನಗೆ ಬೇಡ ಅಂದ ಅಪ್ಪ, ಕೇಳದ ನಿನಗೆ ಜರಿ ಪಂಚೆ ತಂದರು. ಅದನ್ನು ನೋಡಿದಾಗ ನನ್ನ ಕೈಯಲ್ಲಿ ಪೆನ್ನಿತ್ತು. ಅಷ್ಟೇ.

ಅಪ್ಪ ಮಣ್ಣಾದ ಮೇಲೆ ಎರಡು ವರ್ಷಕ್ಕೆ, ೨೦೦೬ರ ತಪಸ್ಸುಕಾಲದ ಧ್ಯಾನಕೂಟದಲ್ಲಿ, ಇದನ್ನು ಪಾಪನಿವೇದನೆಯಲ್ಲಿ ಹೇಳಿದೆ. ಹೊರಗಿನಿಂದ ಬಂದಿದ್ದ ಸ್ವಾಮಿಗಳು ಕ್ಷಮೆ ಕೊಟ್ಟರು. ತಂಗಿಗೆ ತಿಳಿಸು ಅಂತಲೂ ಹೇಳಿದರು. ತಿಳಿಸೋಣ ಅಂದುಕೊಂಡೆ. ಒಂದು ಪಾಸ್ಕ ಆಯಿತು, ಇನ್ನೊಂದು ಆಯಿತು, ಹೀಗೇ ವರ್ಷಗಳು ಕಳೆದವು. ಆಮೇಲೆ ನಿನ್ನ ಗಂಡ ಹೋದರು. ಇನ್ನು ತಿಳಿಸಿ ಆಗುವುದೇನು ಅನ್ನಿಸಿತು.

ಟ್ರಂಕು ಖಾಲಿ ಮಾಡುವಾಗ ಪಂಚೆಯನ್ನು ಬೇರೆ ಯಾರಿಗಾದರೂ ಕೊಡಬಹುದಿತ್ತು. ನಿನಗೇ ಕಟ್ಟಿ ಕಳಿಸಿದೆ. ಯಾಕೆ ಅಂತ ನನಗೂ ಗೊತ್ತಿಲ್ಲ.

ಆ ಸಾಲೂ ನನಗೆ ನೆನಪಿತ್ತು.
ಹೊತ್ತಾಗಿ ಬಂದವರ ಮೊದಲು ಊಟಕೆ ಕರೆಯೆ.

ಜಪಮಾಲಾ


ಶಿರಾ
೨೦ ಏಪ್ರಿಲ್ ೨೦೨೫, ಪಾಸ್ಕ ಭಾನುವಾರ

ಅಕ್ಕ,

ನಿನ್ನ ಕಾಗದಕ್ಕೆ ಉತ್ತರ ಬರೆಯಬಾರದು ಎಂದುಕೊಂಡಿದ್ದೆ. ಬರೆಯದೆ ಇದ್ದರೆ ನಾನೂ ನೀನು ಮಾಡಿದ್ದನ್ನೇ ಮಾಡಿದ ಹಾಗೆ ಆಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ, ಪ್ರೀತಿಯಿಂದಲ್ಲ.

ನೀನು ಮಾಡಿದ್ದರಲ್ಲಿ ಯಾವುದು ದೊಡ್ಡದು ಎಂದು ಅಳೆಯುತ್ತಾ ನಾನು ತಪಸ್ಸುಕಾಲ ಪೂರ್ತಿ ಕಳೆದೆ. ನನ್ನನ್ನು ಗುಡಿಯಿಂದ ಹೊರಗಿಟ್ಟದ್ದು ಎಂದು ಮೊದಲು ತಿಳಿದೆ. ಅದಲ್ಲ. ಇವರು ಪ್ರತಿ ಡಿಸೆಂಬರಿನಲ್ಲೂ ಚಪ್ಪಲಿ ಮೆಟ್ಟಿಕೊಂಡು ಸಿದ್ಧರಾಗಿ ನಿಲ್ಲುತ್ತಿದ್ದರು, ಬೇಡ ಎಂದು ನನ್ನ ಬಾಯಿಂದಲೇ ಹೇಳಿಸಿದೆಯಲ್ಲ, ಅದು ದೊಡ್ಡದು ಎಂದುಕೊಂಡೆ. ಅದೂ ಅಲ್ಲ. ಅಪ್ಪ ನಾನು ಬರಲೊಪ್ಪಲಿಲ್ಲ ಎಂದುಕೊಂಡೇ ಸತ್ತರು. ಇದನ್ನು ಯಾವ ಅರ್ಧ ಗಂಟೆಯಲ್ಲಿ ಸರಿಪಡಿಸುವುದು? ಸಾಕ್ಷಿಗಳು ಎಲ್ಲಿದ್ದಾರೆ?

ಇನ್ನೊಂದಿದೆ. ನಿನಗೆ ಕ್ಷಮೆ ಸಿಕ್ಕಿ ಹತ್ತೊಂಬತ್ತು ವರ್ಷವಾಗಿದೆ. ಪ್ರತಿ ಭಾನುವಾರ ನೀನು ನಾಲಿಗೆ ಚಾಚಿದ್ದೀಯ. ನನಗೆ ಸುದ್ದಿಯೂ ಸಿಗಲಿಲ್ಲ. ದೇವರು ಕ್ಷಮಿಸಿದ್ದನ್ನು ನಾನು ಕೇಳುವ ಹಾಗಿಲ್ಲ. ಆದರೆ ಆ ಲೆಕ್ಕದಲ್ಲಿ ನಾನೂ ಇದ್ದೆ, ನನ್ನನ್ನೂ ಒಂದು ಮಾತು ಕೇಳಬೇಕಿತ್ತು.

ಪವಿತ್ರ ಗುರುವಾರ ಮಧುಗಿರಿಗೆ ಹೋದಾಗ ಪಂಚೆಯನ್ನು ತೆಗೆದುಕೊಂಡು ಹೋಗಿದ್ದೆ. ಅವತ್ತು ಸ್ವಾಮಿಗಳು ಹನ್ನೆರಡು ಜನರ ಕಾಲು ತೊಳೆಯುತ್ತಾರಲ್ಲ. ಒರೆಸಲು ಹೊಸ ಬಟ್ಟೆ ಬೇಕು ಎಂದು ಸಿಸ್ಟರ್ ಮೊದಲೇ ಹೇಳಿದ್ದರು. ಕೊಟ್ಟೆ. ಜರಿ ನೋಡಿ ಅವರು ಹಿಂಜರಿದರು. "ಇದು ಭಾರಿ ಬಟ್ಟೆ ಕಣಮ್ಮ, ಕಾಲು ಒರ್ಸೋಕಾ?" "ಇದಕ್ಕೆ ಬೇರೆ ಕೆಲಸ ಸಿಗಲಿಲ್ಲ" ಎಂದೆ. ಗಾರೆ ಕೆಲಸದವರು, ಆಸ್ಪತ್ರೆಯ ಆಯಾ, ಕೊರಟಗೆರೆಯಿಂದ ಬಂದಿದ್ದ ಒಬ್ಬ ಮುದುಕ, ಎಲ್ಲರ ಕಾಲಿನ ನೀರನ್ನೂ ಅಪ್ಪನ ಪಂಚೆ ಹೀರಿಕೊಂಡಿತು. ಗಂಜಿ ಆಗ ಬಿಟ್ಟಿತು. ಒಗೆದು ಮಡಿಸಿ ಇಟ್ಟಿದ್ದೇನೆ. ಈಗ ಅದು ಮೆತ್ತಗಿದೆ.

ಅವತ್ತೇ ನಿವೇದನೆಯನ್ನೂ ಮಾಡಿದೆ. ನನ್ನವೆಲ್ಲ ಹೇಳಿದ ಮೇಲೆ, "ನಮ್ಮಕ್ಕನ ಮೇಲೆ ಸಿಟ್ಟಿದೆ, ಸ್ವಾಮಿ. ಬಿಡುವ ಮನಸ್ಸಿಲ್ಲ" ಎಂದೆ.

"ಮನಸ್ಸು ಬರಲಿ ಅಂತಾದರೂ ಇದೆಯಾ?"

"ಸುಳ್ಳು ಹೇಳಲ್ಲ. ಸದ್ಯಕ್ಕೆ ಅದೂ ಇಲ್ಲ."

ಜಾಲರಿಯ ಆಚೆ ಅವರು ನಕ್ಕ ಹಾಗೆ ಕೇಳಿಸಿತು. "ಇಲ್ಲದೆ ಇರೋದನ್ನ ತಂದು ತೋರಿಸಿದ್ದೀರಲ್ಲ. ಅವರಿಗೆ ಕೆಟ್ಟದ್ದು ಬಯಸ್ತೀರಾ?"

ಸ್ವಲ್ಪ ಹೊತ್ತು ಹುಡುಕಿದೆ. ಇರಲಿಲ್ಲ. ಹಾಗೆಂದೆ.

"ಈ ಹಬ್ಬಕ್ಕೆ ಅಷ್ಟು ಸಾಕು" ಎಂದರು.

ಇವತ್ತು ಬೆಳಿಗ್ಗೆ ಸತ್ಪ್ರಸಾದ ತೆಗೆದುಕೊಂಡೆ. ಇಷ್ಟು ವರ್ಷಗಳ ಮೇಲೆ ಕಣ್ಣು ತುಂಬೀತು, ಮೈ ನಡುಗೀತು ಎಂದುಕೊಂಡಿದ್ದೆ. ಏನೂ ಆಗಲಿಲ್ಲ. ಅಂಗುಳಿಗೆ ಅಂಟಿಕೊಂಡಿತು, ಚಿಕ್ಕಂದಿನಲ್ಲಿ ಅಂಟಿಕೊಳ್ಳುತ್ತಿದ್ದ ಹಾಗೆಯೇ. ಅದನ್ನು ಹಲ್ಲಿಗೆ ತಾಗಿಸಬಾರದು ಎಂದು ನೀನು ಹೇಳಿಕೊಟ್ಟಿದ್ದೆ. ಅದು ನೆನಪಾಗಿ ಸಿಟ್ಟು ಬಂತು. ಬೆಂಚಿಗೆ ಬಂದು ಕೂತೆ. ಪಕ್ಕದ ಜಾಗ ಖಾಲಿಯಿತ್ತು. ನವೆಂಬರಿನಲ್ಲಿ ಅದು ನಿನಗೆ ಎಂದು ಬರೆದಿದ್ದೆ. ಇವತ್ತು ಅದು ಇವರದ್ದು, ಅಪ್ಪನದ್ದು. ಇಬ್ಬರು ಕೂರುವಷ್ಟು ಜಾಗವಿತ್ತು.

ನೀನು ಬರುವುದು ಬೇಡ. ಮುಂದೆ ಯಾವಾಗಲಾದರೂ ನಾನೇ ಕರೆಯಬಹುದು, ಕರೆಯದೆಯೂ ಇರಬಹುದು. ಕಾಯಬೇಡ ಎನ್ನುವುದಿಲ್ಲ. ಕಾಯುವುದು ಹೇಗಿರುತ್ತದೆ ಎಂದು ನಿನಗೂ ತಿಳಿಯಲಿ.

ಇಲ್ಲಿಯವರೆಗೆ ಬರೆದು ಹೆಸರು ಹಾಕುತ್ತಿದ್ದೆ. ಬಾಗಿಲು ಬಡಿದರು. ಎದ್ದು ಹೋಗಿ ಬಂದು ಮತ್ತೆ ಕೂತಿದ್ದೇನೆ. ಮೇಲೆ ಬರೆದದ್ದನ್ನು ಹೊಡೆದುಹಾಕಿಲ್ಲ, ಹಾಗೇ ಇರಲಿ. ಶರ್ಫುನ್ನೀಸಾ ತಟ್ಟೆಯಲ್ಲಿ ಶಾವಿಗೆ ಹಿಡಿದು ನಿಂತಿದ್ದರು, ನನ್ನ ಹಬ್ಬಕ್ಕೆ ಅವರ ಮನೆಯ ಸಿಹಿ. ಒಳಗೆ ಬನ್ನಿ ಎಂದರೆ ಬರಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹೊಸ್ತಿಲಾಚೆಯೇ ನಿಂತು ಹೇಳಿದರು:

"ಬೆಳಿಗ್ಗೆ ನೀವು ಆ ಕಡೆ ಬಸ್ ಹತ್ತಿದ್ರಿ, ಈ ಕಡೆ ನಿಮ್ಮ ಅಕ್ಕ ಬಂದ್ರು. ಮುಖ ನಿಮ್ದೇ, ಕೇಳೋದೇ ಬೇಡ. ಬೀಗ ನೋಡಿ ಮೆಟ್ಲ ಮೇಲೆ ಕೂತ್ಬುಟ್ರು. ಮಧುಗಿರಿಗೆ ಪೂಜೆಗೆ ಹೋಗವ್ರೆ ಅಂತ ಹೇಳಕ್ಕೆ, ಕಿವಿ ಕೇಳಲ್ವಲ್ಲ ಅವ್ರಿಗೆ, ಇಡೀ ಬೀದಿಗೆ ಕೇಳೋ ಹಂಗೆ ಕೂಗ್ದೆ. ಹೋದ್ಲಾ, ಹೋದ್ಲಾ ಅಂತ ಎರಡು ಸಲ ಕೇಳಿದ್ರು. ನಮ್ಮನೇಲಿ ಕೂತ್ಕಳಿ, ಮಧ್ಯಾಹ್ನಕ್ಕೆ ಬತ್ತಾರೆ ಅಂದೆ. ಕೂರ್ಲಿಲ್ಲ. ಚಾ ಕುಡಿದ್ರು, ಬಂದಿದ್ದೆ ಅಂತ ಹೇಳ್ಬೇಡಿ ಅಂದ್ರು, ಹೊಂಟೋದ್ರು. ನಾನೂ ಹೂಂ ಅಂದ್ಬುಟ್ಟೆ ಕಣಮ್ಮ. ಆದ್ರೆ ಬಾಗ್ಲಿಗೆ ಬಂದೋರ ಸುದ್ದಿ ಹೊಟ್ಟೇಲಿ ಇಟ್ಕಂಡ್ರೆ ಗುನ್ಹಾ, ಪಾಪ ಅಲ್ವಾ? ಶಾವಿಗೆ ಆರೋಗ್ತೈತೆ, ತಗಳಿ."